ನಾಲ್ಕನೇ ನಂಬರಿನವನು

ಕಪಿಲೆಯ ದಂಡೆಯಲ್ಲಿ ಚಿಕ್ಕತಾಯಮ್ಮನವರ ಆಶ್ರಮ. ಆಶ್ರಮ ಅಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಎರಡು ಹಂಚಿನ ಕೋಣೆ, ಒಂದು ಜಗಲಿ, ಹೊಳೆಗೆ ಇಳಿಯೋಕೆ ಹನ್ನೆರಡು ಮೆಟ್ಟಿಲು, ಅಷ್ಟೇ. ಕಾವಿ ಇಲ್ಲ, ಪ್ರವಚನ ಇಲ್ಲ. ಬಂದವರು ಇರಬಹುದು, ಹೊರಟವರು ಹೋಗಬಹುದು.

ಅಲ್ಲಿಗೆ ಒಂದು ದಿನ ವೃಷಭೇಂದ್ರ ಅನ್ನುವವನು ಬಂದ. ವಯಸ್ಸು ಮೂವತ್ತೆಂಟು. ಹೆಗಲಿಗೊಂದು ಚೀಲ, ಜೇಬಿನಲ್ಲೊಂದು ಫೋನು.

"ಏನು ಬೇಕಪ್ಪಾ?" ಅಂದರು ತಾಯಮ್ಮ.

"ಏಕಾಂತ ಬೇಕು ಅಮ್ಮ."

"ಮನೇಲಿ ಯಾರ್ಯಾರಿದ್ದಾರೆ?"

"ಯಾರೂ ಇಲ್ಲ. ಒಬ್ಬನೇ."

"ಅಯ್ಯೋ ನಿನ್ನ! ಅಲ್ಲೇ ಅಷ್ಟೊಂದು ಇಟ್ಕೊಂಡು ಇಲ್ಲಿಗ್ಯಾಕೋ ಕೇಳೋಕೆ ಬಂದೆ?"

ವೃಷಭೇಂದ್ರ ತಬ್ಬಿಬ್ಬಾದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ದೊಡ್ಡ ದೊಡ್ಡ ಮಾತೆಲ್ಲ ಮರೆತೇ ಹೋಯಿತು. ಬಾಯಿಗೆ ನಿಜ ಬಂದುಬಿಟ್ಟಿತು.

"ಅಮ್ಮ, ಹೋದ ತಿಂಗಳು ಜ್ವರ ಬಂದು ಮಲಗಿದ್ದೆ. ನಾನು ಸತ್ತರೆ ಎಷ್ಟು ದಿನಕ್ಕೆ ಗೊತ್ತಾಗುತ್ತೆ ಅಂತ ಯೋಚನೆ ಬಂತು. ಬಾಡಿಗೆ ಕೊಡೋದು ಐದನೇ ತಾರೀಖು. ಓನರ್ರು ಒಳ್ಳೆಯವರು, ಒಂದು ವಾರ ತಡ್ಕೋತಾರೆ. ಹನ್ನೆರಡನೇ ತಾರೀಖಿನವರೆಗೂ ಯಾರಿಗೂ ಗೊತ್ತಾಗಲ್ಲ."

ತಾಯಮ್ಮ ಅವನ ಚೀಲ ಇಸಿದುಕೊಂಡು ಒಳಗಿಟ್ಟು ಬಂದರು.

"ಏನು ಕೆಲಸ ಮಾಡ್ತೀಯಾ?"

"ಹೆಸರು ಕೊಳ್ತೀನಿ. ಮಾರ್ತೀನಿ."

"ಹೆಸರನ್ನಾ!"

"ಇಂಟರ್ನೆಟ್ಟಿನಲ್ಲಿ ಅಂಗಡಿ ಇಡೋರಿಗೆ ಒಂದು ವಿಳಾಸ ಬೇಕು ಅಮ್ಮ. ಡೊಮೇನ್ ಅಂತಾರೆ. ಒಬ್ಬರು ಹಿಡಿದ ಹೆಸರು ಇನ್ನೊಬ್ಬರಿಗೆ ಸಿಗಲ್ಲ. ವರ್ಷ ವರ್ಷ ದುಡ್ಡು ಕಟ್ಟದೆ ಬಿಟ್ಟರೆ ಆ ಹೆಸರು ಹರಾಜಿಗೆ ಬರುತ್ತೆ. ನಾನು ಹರಾಜಲ್ಲಿ ಹಿಡಿದು, ಬೇಕಾದವರು ಬರೋವರೆಗೂ ಕಾದು, ಮಾರ್ತೀನಿ."

"ಬೇಕಾದವರು ಬರ್ತಾರಾ?"

"ನನ್ನ ಹತ್ರ ಇನ್ನೂರ ಹನ್ನೆರಡು ಹೆಸರಿದೆ. ವರ್ಷಕ್ಕೆ ಐದೋ ಆರೋ ಜನ ಬರ್ತಾರೆ."

"ಬಂದು ಏನಂತಾರೆ?"

"ಎಷ್ಟು ಅಂತಾರೆ."

"ನೀನೇನಂತೀಯಾ?"

"ಇಷ್ಟು ಅಂತೀನಿ. ಅಷ್ಟೇ ಮಾತು."

ತಾಯಮ್ಮ ಪೊರಕೆ ತಂದು ಅವನ ಕೈಗೆ ಕೊಟ್ಟರು. ಉಪದೇಶಕ್ಕೆ ಕಾದಿದ್ದವನು ಜಗಲಿ ಗುಡಿಸಿದ.

ಇಪ್ಪತ್ತು ದಿನ ಹಾಗೇ ನಡೆಯಿತು. ಗುಡಿಸೋದು, ನೀರು ಹೊರೋದು, ಹೊಳೆ ನೋಡ್ತಾ ಕೂರೋದು. ಫೋನು ಚೀಲದ ತಳದಲ್ಲಿ ಬಿದ್ದಿತ್ತು. ಇಪ್ಪತ್ತೊಂದನೆಯ ದಿನ ಅವನ ಕೈ ತಡೆಯಲಿಲ್ಲ. ಕೆಳಗಿನ ಮೆಟ್ಟಿಲಿನ ಮೇಲೆ ಮಾತ್ರ ಅಲ್ಲಿ ಸಿಗ್ನಲ್ಲು. ಹೋಗಿ ನೋಡಿದವನು ಓಡಿಬಂದ.

"ಅಮ್ಮ, ಒಂದೇ ಒಂದು ಹೆಸರು. ಇದಾದ ಮೇಲೆ ಈ ವ್ಯಾಪಾರಕ್ಕೆ ಕೈ ಮುಗಿದೆ. ಇದನ್ನ ಹಿಡಿದು ಮಾರಿ ಇಲ್ಲೇ ಇದ್ದುಬಿಡ್ತೀನಿ."

"ಯಾವ ಹೆಸರೋ?"

"ಕಂಬಳಿ ಡಾಟ್ ಕಾಮ್."

"ಕಂಬಳಿಯಾ? ಒಳಗೆ ನಾಲ್ಕಿದೆಯಲ್ಲೋ. ಬೇಕಾದ್ರೆ ಒಂದು ಹೊದ್ಕೋ."

"ತಮಾಷೆ ಅಲ್ಲಮ್ಮ! ಒಂದೂವರೆ ಲಕ್ಷ ಬಾಳುತ್ತೆ."

"ಹೆಂಗೆ ಗೊತ್ತು?"

ಇಪ್ಪತ್ತು ದಿನದಲ್ಲಿ ಮೊದಲ ಸಲ ಅವನ ಕಣ್ಣಿಗೆ ಕಳೆ ಬಂತು. ಕಸುಬಿನ ಮಾತು ನೋಡಿ! ಹೆಸರು ಚಿಕ್ಕದಿರಬೇಕು, ಒಂದೇ ಸಲ ಕೇಳಿದರೆ ನೆನಪಿರಬೇಕು, ಆ ಹೆಸರಿನ ಸರಕು ಮಾರೋರು ನಾಡಲ್ಲಿ ಇರಬೇಕು, ಹಿಂದೆ ಅದೇ ಥರದ ಹೆಸರು ಎಷ್ಟಕ್ಕೆ ಹೋಗಿತ್ತು ಅಂತ ತಿಳಿದಿರಬೇಕು. ಒಂದೊಂದಾಗಿ ಬೆರಳು ಮಡಚಿ ಹೇಳಿದ.

"ಇಷ್ಟೆಲ್ಲ ಸರಿಯಾಗಿದ್ದರೆ ಕೊಂಡುಬಿಡ್ತೀಯಾ?"

"ಇಲ್ಲಮ್ಮ. ಇನ್ನೊಬ್ಬರು ಕೂಗ್ತಾರಾ ನೋಡ್ತೀನಿ. ಒಬ್ಬರೂ ಕೂಗದಿದ್ದರೆ, ಎಂಥ ಹೆಸರಾದರೂ, ನನಗೆ ಧೈರ್ಯ ಬರಲ್ಲ."

"ಹಂಗಾದ್ರೆ ನೀನು ಹೆಸರು ನೋಡಲ್ಲ. ಜೊತೆಗಾರನ್ನ ನೋಡ್ತೀಯ."

ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಆಗಲೇ ಮೆಟ್ಟಿಲು ಇಳಿದಿದ್ದ.

ಹರಾಜು ಏಳು ದಿನದ್ದು. ಇದು ಸಂತೆಯ ಹರಾಜಲ್ಲ. ಯಾರೂ ಗಂಟಲು ಹರಿಯೋ ಹಾಗೆ ಕೂಗೋದಿಲ್ಲ, ಸುತ್ತಿಗೆ ಬಡಿಯೋದಿಲ್ಲ. ಪರದೆಯ ಮೇಲೆ ಒಂದು ಅಂಕಿ ಬೀಳುತ್ತೆ, ಪಕ್ಕದಲ್ಲಿ ಕೂಗಿದವರ ನಂಬರು. ಹೆಸರಿಲ್ಲ, ಊರಿಲ್ಲ. ವೃಷಭೇಂದ್ರನ ನಂಬರು ಒಂಬತ್ತು.

ಮೊದಲ ದಿನ ಹನ್ನೊಂದು ಜನ ಇದ್ದರು. ಎರಡನೆಯ ದಿನಕ್ಕೆ ಮೂವರು. ಮೂರನೆಯ ದಿನದಿಂದ ಇಬ್ಬರೇ. ವೃಷಭೇಂದ್ರ, ಮತ್ತೆ ನಾಲ್ಕನೇ ನಂಬರಿನವನು.

ವೃಷಭೇಂದ್ರ ಕೂಗಿದರೆ ಅವನು ಕೂಗುತ್ತಿದ್ದ. ಬೆಳಿಗ್ಗೆ ಆರೂವರೆಗೆ ಒಂದು, ಮಧ್ಯಾಹ್ನ ಒಂದು, ಹೊತ್ತು ಮುಳುಗುವ ಮುಂಚೆ ಒಂದು. ನಾಲ್ಕನೆಯ ದಿನ ಮುಗಿಯೋವರೆಗೂ ಒಂದೂ ತಪ್ಪಲಿಲ್ಲ.

"ನಾಲ್ಕು ಬೇಗ ಏಳ್ತಾನಮ್ಮ," ಅಂದ ವೃಷಭೇಂದ್ರ, ನೀರಿನ ಕೊಡ ಇಳಿಸುತ್ತಾ.

ಇನ್ನೊಂದು ದಿನ, "ನಾಲ್ಕಕ್ಕೆ ಸ್ವಲ್ಪ ಹಟ ಜಾಸ್ತಿ," ಅಂದ. ಅನ್ನುವಾಗ ನಗುತ್ತಿದ್ದ.

ಐದನೆಯ ದಿನ ಬೆಳಿಗ್ಗೆಯ ಕೂಗು ಬರಲಿಲ್ಲ. ಮಧ್ಯಾಹ್ನವೂ ಇಲ್ಲ. ಎದುರಾಳಿ ಸುಮ್ಮನಾದರೆ ಯಾರಾದರೂ ಕುಣಿದಾಡಬೇಕು ತಾನೇ? ನಮ್ಮ ವೃಷಭೇಂದ್ರನಿಗೆ ಕೂತಲ್ಲಿ ಕೂರೋಕಾಗಲಿಲ್ಲ. ಮೆಟ್ಟಿಲು ಹತ್ತಿದ, ಇಳಿದ, ಹತ್ತಿದ.

"ಏನಾಯ್ತೋ?" ಅಂದರು ತಾಯಮ್ಮ.

"ಅವನಿಗೇನಾದರೂ ಹುಷಾರಿಲ್ಲವೋ ಏನೋ ಅಮ್ಮ."

"ಯಾರಿಗೆ?"

"ನಾಲ್ಕಕ್ಕೆ."

ಸಂಜೆ ಕೂಗು ಬಂತು. ವೃಷಭೇಂದ್ರ ದೊಡ್ಡದಾಗಿ ಉಸಿರುಬಿಟ್ಟ.

ಏಳನೆಯ ದಿನ, ಮಧ್ಯಾಹ್ನ ಎರಡಕ್ಕೆ ಹರಾಜು ಮುಗಿಯಬೇಕು. ಮುಗಿಯೋದು ಅಂದರೆ ಅಷ್ಟು ಸುಲಭವಲ್ಲ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಮತ್ತೆ ಐದು ನಿಮಿಷ ಸಿಗುತ್ತೆ. ಆಗ ಇನ್ನೊಬ್ಬ ಕೂಗಿದರೆ ಮತ್ತೆ ಐದು.

ಎರಡು ಗಂಟೆಗೆ ಬೆಲೆ ಒಂದು ಲಕ್ಷದ ಇಪ್ಪತ್ತು ಸಾವಿರ. ಒಂದೊಂದು ಕೂಗಿಗೆ ಎರಡು ಸಾವಿರ ಏರುತ್ತಿತ್ತು. ಒಂಬತ್ತು, ನಾಲ್ಕು. ಒಂಬತ್ತು, ನಾಲ್ಕು. ಎರಡೂವರೆ ಆಯಿತು, ಮೂರು ಆಯಿತು. ವೃಷಭೇಂದ್ರ ಬಿಸಿಲಲ್ಲಿ ಕೂತು ಬೆವರುತ್ತಿದ್ದ.

ನಾಲ್ಕು ಗಂಟೆ ಹೊತ್ತಿಗೆ ತಾಯಮ್ಮ ಮೊರದ ತುಂಬ ಹುಣಸೆಹಣ್ಣು ಹಿಡಿದು ಮೆಟ್ಟಿಲಿಳಿದು ಬಂದರು. ಅವನ ಪಕ್ಕ ಕೂತು ಬೀಜ ಬಿಡಿಸತೊಡಗಿದರು.

"ಎಷ್ಟಕ್ಕೆ ಬಂತು?"

"ಒಂದು ಎಂಬತ್ತು."

"ಒಂದೂವರೆ ಬಾಳುತ್ತೆ ಅಂದಿದ್ದೆ."

"ಹ್ಞೂಂ."

"ಲೆಕ್ಕ ತಪ್ಪಿತಾ?"

"ಇಲ್ಲಮ್ಮ. ಲೆಕ್ಕ ಸರಿಯಾಗೇ ಇದೆ. ಮೂರು ಗಂಟೆಗೇ ದಾಟಿಹೋಯಿತು. ಇನ್ನು ಯಾರು ಕೊಂಡರೂ ನಷ್ಟವೇ."

"ಮತ್ತೆ ಯಾಕೋ ಕೂಗ್ತಿದ್ದೀಯಾ?"

ಅಷ್ಟರಲ್ಲಿ ಪರದೆಯ ಮೇಲೆ ಅಂಕಿ ಬಿತ್ತು. ಒಂದು ಎಂಬತ್ತೆರಡು, ನಾಲ್ಕನೇ ನಂಬರು. ಅವನ ಮುಖ ಅರಳಿದ್ದನ್ನು ತಾಯಮ್ಮ ಕಂಡರು.

"ಬಂತಾ?"

"ಬಂತಮ್ಮ."

ಆಮೇಲೆ, ಹೊಳೆಯ ಕಡೆ ನೋಡುತ್ತಾ, ಮೆಲ್ಲಗೆ ಅಂದ: "ನಾನು ನಿಲ್ಲಿಸಿದರೆ ಅವನು ಹೋಗ್ತಾನೆ ಅಮ್ಮ."

ತಾಯಮ್ಮನವರ ಕೈ ನಿಂತಿತು.

"ಹತ್ತು ವರ್ಷ ಆಯ್ತು. ನಾನು ಕರೆದಾಗೆಲ್ಲ ಹೀಗೆ ತಪ್ಪದೆ ಉತ್ತರ ಕೊಟ್ಟವರು ಒಬ್ಬರೂ ಇಲ್ಲ. ನಾಚಿಕೆ ಆಗುತ್ತೆ ಹೇಳೋಕೆ. ಆದರೂ ಇಲ್ಲ."

"ಗೆದ್ದರೆ ಏನಾಗುತ್ತೆ?"

"ಗೆದ್ದರೂ ಹೋಗ್ತಾನೆ."

"ಎಷ್ಟು ಹೊತ್ತು ಅಂತ ಹಿಡ್ಕೊಂಡಿರ್ತೀಯಾ?"

"ಗೊತ್ತಿಲ್ಲ. ದುಡ್ಡಿರೋವರೆಗೂ."

"ಅವನ ದುಡ್ಡೋ, ನಿನ್ನದೋ?"

ಅವನು ಬೆಚ್ಚಿದ. ನಾಲ್ಕರ ದುಡ್ಡೂ ಹೋಗುತ್ತೆ ಅನ್ನೋದು ಅವನಿಗೆ ಹೊಳೆದೇ ಇರಲಿಲ್ಲ. ಬೆರಳು ಮಾತ್ರ ತನ್ನ ಪಾಡಿಗೆ ಫೋನಿನ ಕಡೆ ಹೋಗುತ್ತಿತ್ತು.

"ಹೆಂಗೂ ಹೋಗೋನೇ ಕಣಪ್ಪಾ," ಅಂದರು ತಾಯಮ್ಮ. "ಈಗ ಹೋದ್ರೆ ಪಕ್ಕದಲ್ಲಿ ನಾನಿದ್ದೀನಿ. ಈಗಲೇ ನಿಲ್ಲಿಸು."

ಹೀಗಂದು ಅವನ ಅಂಗೈಗೆ ಒಂದು ಹಿಡಿ ಹುಣಸೆಹಣ್ಣು ಇಟ್ಟರು.

"ಬಿಡಿಸು."

ಫೋನು ಇಬ್ಬರ ನಡುವೆ ಮೆಟ್ಟಿಲ ಮೇಲಿತ್ತು. ನಾಲ್ಕು ನಿಮಿಷ. ವೃಷಭೇಂದ್ರ ಒಂದು ಬೀಜ ತೆಗೆದ. ಮೂರು ನಿಮಿಷ. ಕೈಯೆಲ್ಲ ಅಂಟಂಟಾಯಿತು. ಎರಡು. ಅವನು ಒಂದು ಸಲ ತಾಯಮ್ಮನವರ ಮುಖ ನೋಡಿದ, ಅವರು ತಲೆಯೆತ್ತಲಿಲ್ಲ. ಒಂದು. ಹೊಳೆಯಾಚೆ ಯಾರೋ ಬಟ್ಟೆ ಒಗೆಯುತ್ತಿದ್ದರು.

ಹರಾಜು ಮುಗಿದಿದೆ ಅಂತ ಪರದೆಯ ಮೇಲೆ ಬಂತು. ಗೆದ್ದವರು, ನಾಲ್ಕು.

ವೃಷಭೇಂದ್ರ ಮೊಣಕಾಲಲ್ಲಿ ಮುಖವಿಟ್ಟು ಅತ್ತ. ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ತಾಯಮ್ಮ ಸಮಾಧಾನದ ಮಾತೂ ಆಡಲಿಲ್ಲ, ಎದ್ದೂ ಹೋಗಲಿಲ್ಲ. ಮೊರ ಖಾಲಿಯಾಗುವವರೆಗೂ ಕೂತಿದ್ದರು.

ಎರಡು ದಿನ ಅವನು ಫೋನು ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೆಳಗಿನ ಮೆಟ್ಟಿಲಿಗೆ ಹೋಗಿ ಫೋನು ತೆಗೆದ. ಕಂಬಳಿ ಡಾಟ್ ಕಾಮ್ ಅಂತ ಒತ್ತಿದ. ಒಂದು ಬಿಳಿ ಪುಟ ತೆರೆಯಿತು. 'ಈ ಹೆಸರು ಮಾರಾಟಕ್ಕಿದೆ' ಅಂತಿತ್ತು. ಅದರ ಕೆಳಗೆ, ಮಾಲೀಕರಿಗೆ ಬರೆಯೋಕೆ ಒಂದು ಖಾಲಿ ಪೆಟ್ಟಿಗೆ.

ಎರಡೆರಡು ಮೆಟ್ಟಿಲು ಹಾರಿಕೊಂಡು ಮೇಲೆ ಬಂದ.

"ಅಮ್ಮ! ಅವನು ಕಂಬಳಿ ಮಾರೋನಲ್ಲ. ನನ್ನ ಥರಾನೇ ವ್ಯಾಪಾರಿ. ಅವನಿಗೂ ಆ ಹೆಸರು ಬೇಕಿರಲಿಲ್ಲ."

"ಮತ್ಯಾಕೆ ಅಷ್ಟು ಕೂಗಿದ?"

"ನಾನು ಬಿಡ್ತಿಲ್ಲ ಅಂದ್ರೆ ಏನೋ ಇದೆ ಅಂದ್ಕೊಂಡ. ಇಲ್ಲಾ ಅವನಿಗೂ..." ಮಾತು ನಿಲ್ಲಿಸಿದ. "ನಾನು ಅವನನ್ನ ನೋಡಿ ಕೂಗಿದೆ, ಅವನು ನನ್ನನ್ನ ನೋಡಿ ಕೂಗಿದ. ಬೇಕು ಅನ್ನೋರು ಯಾರೂ ಅಲ್ಲಿರಲಿಲ್ಲ ಅಮ್ಮ."

"ಇಬ್ಬರಿದ್ರಲ್ಲೋ," ಅಂದರು ತಾಯಮ್ಮ.

ವೃಷಭೇಂದ್ರ ಜಗಲಿಯ ಮೇಲೆ ಕುಸಿದು ಕೂತ.

"ಅವನು ಈಗ ಏನು ಮಾಡ್ತಿರ್ತಾನೆ ಅಂತ ನನಗೆ ಗೊತ್ತಮ್ಮ. ರೂಮಲ್ಲಿ ಒಬ್ಬನೇ ಕೂತಿರ್ತಾನೆ. ಯಾರಾದರೂ ಬಂದರಾ ಅಂತ ಗಂಟೆಗೊಂದು ಸಲ ಆ ಪುಟ ತೆಗೆದು ನೋಡ್ತಾನೆ. ಯಾರೂ ಬಂದಿರಲ್ಲ. ಆ ಬೆಲೆಗೆ ಯಾರೂ ಬರಲ್ಲ. ನಾನೇ ಅವನನ್ನ ಬಾವಿಗೆ ತಳ್ಳಿದೆ."

"ಬರಿ ಅವನಿಗೆ."

"ಏನಂತ ಬರೀಲಿ? ಆ ಪೆಟ್ಟಿಗೇಲಿ ಬರೆಯೋರೆಲ್ಲ ಎಷ್ಟು ಅಂತಲೇ ಬರೆಯೋದು. ನಾನು ಬರೆದರೆ ಗಿರಾಕಿ ಬಂದ ಅಂತ ಆಸೆ ಪಟ್ಕೋತಾನೆ, ಪಾಪ."

"ಹೆಸರು ಬೇಡ ಅಂತ ಮೊದಲೇ ಹೇಳಿಬಿಡು."

"ಹೆಸರು ಬೇಡದವನಿಗೆ ಇಲ್ಲೇನು ಕೆಲಸ ಅಂತಾನೆ. ಹುಚ್ಚ ಅಂತಾನೆ."

"ಅಂದ್ರೆ ಅನ್ನಲಿ."

ವೃಷಭೇಂದ್ರ ಇಳಿದು ಹೋದ. ಬಹಳ ಹೊತ್ತು ಕೂತ. 'ಮಾನ್ಯರೇ, ನಾನು ಒಂಬತ್ತನೇ ನಂಬರಿನವನು, ಹೆಸರು ಬೇಡ' ಅಂತ ಬರೆದ. ಮುಂದಕ್ಕೆ ಒಂದು ಸಾಲು ಸೇರಿಸಿದ, ಅಳಿಸಿದ. ಇನ್ನೊಂದು ಸೇರಿಸಿದ, ಅದನ್ನೂ ಅಳಿಸಿದ. ಬಿಸಿಲು ನೆತ್ತಿಗೆ ಬಂದಾಗ ಫೋನು ಹಿಡಿದುಕೊಂಡೇ ಮೇಲೆ ಬಂದು ತಾಯಮ್ಮನವರ ಮುಂದೆ ನಿಂತ.

"ಅಮ್ಮ, ಒಬ್ಬ ಮನುಷ್ಯನನ್ನ ಬೆಲೆ ಬಿಟ್ಟು ಬೇರೆ ಏನು ಕೇಳಬೇಕು ಅಂತ ನನಗೆ ಗೊತ್ತಿಲ್ಲ."

ತಾಯಮ್ಮ ಹೇಳಿದರು:

"ಊಟ ಆಯ್ತಾ ಅಂತ ಕೇಳು."