ಬಳುವಳಿಯಾಗಿ ಬಂದ ಅಕ್ಕ

"ಕೇಳ್ರಪ್ಪೋ ಕೇಳ್ರಿ! ಏಳುಹೊಳೆ ರಾಜ್ಯದ ರಾಣಿ ಹೊನ್ನಾಂಬಿಕೆಯವರ ಅಪ್ಪಣೆ! ನಾಲ್ಕು ವರ್ಷ ನಡೆದು ಮುಗಿದ ಯುದ್ಧದ ಮೇಲೆ ರಾಣಿಯವರು ಮೂರು ಒಗಟು ಒಡ್ಡಿದ್ದಾರೆ. ಮೂರನ್ನೂ ಬಿಡಿಸಿದವರಿಗೆ ಕೇಳಿದ್ದು ಕೊಡುತ್ತಾರೆ. ತಪ್ಪಿದರೆ ತಲೆದಂಡ!"

ಡಂಗುರದವನು ಬಾರಿಸಿಕೊಂಡು ಹೋದ. ಅವನಿಗೇನು, ಹೋಗುವುದು ಬೇರೆಯವರ ತಲೆ.

ರಾಣಿಗೆ ಇದೆಂಥ ಹುಚ್ಚು ಅಂತೀರಾ? ಪಾಪ, ಅವಳ ಸಂಕಟ ಅವಳಿಗೆ. ತವರು ತೆಂಕನಾಡು, ಹತ್ತಿ ಬೆಳೆಯುವ ಎರೆಸೀಮೆ. ಕೊಟ್ಟದ್ದು ಬಡಗನಾಡಿಗೆ, ಮಗ್ಗದವರ ಸೀಮೆಗೆ. ಎರಡೂ ಒಂದೇ ರಾಜ್ಯ. ಎರಡರ ನಡುವೆ ಹತ್ತಿದ ಯುದ್ಧದಲ್ಲಿ ಗಂಡ, ಅಂದರೆ ದೊರೆ, ಈ ಕಡೆ ಸತ್ತ, ಒಡಹುಟ್ಟಿದ ಅಣ್ಣ ಆ ಕಡೆ ಸತ್ತ. ಯಾಕೆ ಸತ್ತರು ಅಂದರೆ ಸಭೆಯವರು ಒಬ್ಬೊಬ್ಬರು ಒಂದೊಂದು ಕತೆ ಕಟ್ಟುತ್ತಿದ್ದರು. ಸುಳ್ಳು ಕೇಳಿ ಕೇಳಿ ಅವಳಿಗೆ ರೋಸಿಹೋಗಿತ್ತು. ತಲೆ ಪಣಕ್ಕಿಟ್ಟರಾದರೂ ನಿಜ ಹೊರಬಂದೀತು ಅಂತ ಒಗಟು ಒಡ್ಡಿದಳು.

ಡಂಗುರ ಕೇಳಿದವರಲ್ಲಿ ದ್ಯಾವನೂ ಒಬ್ಬ. ತೆಂಕನಾಡಿನಲ್ಲಿ ತೊತ್ತಾಗಿ ಹುಟ್ಟಿ, ಹತ್ತಿ ಬಿಡಿಸುತ್ತ ಬೆಳೆದವನು. ಅವನಿಗೆ ಬೇಕಾಗಿದ್ದು ಒಂದೇ, ಅಕ್ಕ ಗಾಳೆವ್ವ. ತೆಂಕನಾಡಿನ ದೊಡ್ಡಮನೆಯವರು ಮಗಳನ್ನು ಕೊಡುವಾಗ ಹಸು, ಹಂಡೆ, ತೊಟ್ಟಿಲಿನ ಜೊತೆ ಒಬ್ಬ ಹೆಣ್ಣಾಳನ್ನೂ ಬಳುವಳಿ ಕಳಿಸುವುದು ವಾಡಿಕೆ. ಹೊನ್ನಾಂಬಿಕೆಯ ಮದುವೆಯಲ್ಲಿ ಹಾಗೆ ಹೋದವಳು ಗಾಳೆವ್ವ. ಯುದ್ಧದ ನಡುವೆ ದೊರೆ ತೊತ್ತುಗಳನ್ನೆಲ್ಲ ಬಿಡಿಸಿದರು, ನಿಜ. ಆದರೆ ಬಳುವಳಿ ಹೆಣ್ಣುಗಳು ಆ ಲೆಕ್ಕಕ್ಕೇ ಬರಲಿಲ್ಲ. ಅವರು ಜೀತದವರಲ್ಲ, ಮದುಮಗಳ ಜೊತೆಗಾತಿಯರು ಅಂತ ಎಲ್ಲರೂ ನಂಬಿದ್ದರು, ರಾಣಿಯೂ ಸೇರಿ.

ದ್ಯಾವ ಮೂರು ಸಲ ಅರಮನೆ ಬಾಗಿಲಿಗೆ ಬಂದಿದ್ದ. ಮೂರು ಸಲವೂ ಕಾವಲಿನವರು ಕತ್ತು ಹಿಡಿದು ದಬ್ಬಿದ್ದರು. "ತಲೆ ಹೋದರೆ ಹೋಗಲಿ, ಒಳಗಾದರೂ ಹೋಗ್ತೀನಲ್ಲ" ಅಂದುಕೊಂಡು ಸಭೆಗೆ ಬಂದ. ರಾಣಿಯ ಹಿಂದೆ ಚಾಮರ ಬೀಸುತ್ತ ನಿಂತಿದ್ದವಳು ಅಕ್ಕನೇ! ಹನ್ನೆರಡು ವರ್ಷಕ್ಕೆ ಕೂದಲೆಲ್ಲ ನರೆತಿತ್ತು.

ರಾಣಿ ಮೊದಲನೆಯದನ್ನು ಕೇಳಿದಳು. "ನಾಡಿನವರೆಲ್ಲ ಅದರಿಂದ ಉಂಡರು, ಅದರಿಂದ ಉಟ್ಟರು, ಆದರೆ ಹೆಸರೆತ್ತಲಿಲ್ಲ. ಹೆಸರೆತ್ತಿದ ದಿನವೇ ಮನೆ ಎರಡಾಯಿತು. ಏನದು?"

ಮಾಂಡಲಿಕ ವಜ್ರನಾಯಕ ಮೀಸೆ ತೀಡಿ, "ಮಾನ, ಮಹಾರಾಣಿ!" ಅಂದ.

"ಮಾನದ ಮಾತು ನೀವು ಗಳಿಗೆಗೊಮ್ಮೆ ಎತ್ತುತ್ತೀರಿ. ಒಯ್ಯಿರಿ ಇವನನ್ನು."

ಆಸ್ಥಾನದ ಪಂಡಿತ ಬೆವರು ಒರೆಸಿಕೊಂಡು, "ಸುಂಕ" ಅಂದ. ಅವನನ್ನೂ ಸೆರೆಮನೆಗೆ ಎಳೆದರು. ಇಬ್ಬರಿಗೂ ಮರುದಿನ ತಲೆ ಹೋಗುವುದೆಂದಾಯಿತು. ಮಿಕ್ಕವರೆಲ್ಲ ನೆಲ ನೋಡತೊಡಗಿದರು.

ದ್ಯಾವ ಮುಂದೆ ಬಂದ. "ಜೀತ, ತಾಯಿ. ನಾವು ಬಿಡಿಸಿದ ಹತ್ತಿಯನ್ನೇ ಬಡಗದವರೂ ನೇಯ್ದು ಉಟ್ಟರು, ಯಾರು ಬಿಡಿಸಿದ್ದು ಅಂತ ಕೇಳಲಿಲ್ಲ. ಹೊಳೆಯಾಚೆ ಹೊಸ ಸೀಮೆ ಸಿಕ್ಕಿತಲ್ಲ, ಅಲ್ಲೂ ಜೀತ ಬೇಕು ಅಂದರು ತೆಂಕದವರು. ಬೇಡ ಅಂದರು ದೊರೆ. ಅಷ್ಟಕ್ಕೇ ತೆಂಕದವರು ಬೇರೆ ಬಾವುಟ ಏರಿಸಿ ಹೊಳೆನಡುವಿನ ದೊರೆಯ ಕೋಟೆಗೆ ತೋಪು ಹಾರಿಸಿದರು. ಮಾನವೂ ಇತ್ತು, ಸುಂಕವೂ ಇತ್ತು. ಆದರೆ ಜೀತ ಇಲ್ಲದಿದ್ದರೆ ಅವಕ್ಕಾಗಿ ಯಾರೂ ಸಾಯುತ್ತಿರಲಿಲ್ಲ."

ರಾಣಿ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು. "ಎರಡು ವರ್ಷ ನಮ್ಮ ಸೇನೆ ಸೋಲುತ್ತಲೇ ಹೋಯಿತು. ಆಮೇಲೊಂದು ದಂಡು ಬಂತು. ಕೈಯಲ್ಲಿ ಕತ್ತಿಯಿಲ್ಲ, ಕಾಲಲ್ಲಿ ಕೆರವಿಲ್ಲ, ಯಾರೂ ಕರೆದಿರಲಿಲ್ಲ. ಅದು ಬಿಟ್ಟುಬಂದ ಕಡೆ ಸೋತಿತು, ಸೇರಿದ ಕಡೆ ಗೆದ್ದಿತು. ಯಾವ ದಂಡು?"

ದ್ಯಾವನಿಗೆ ನಗು ಬಂತು. "ಅದರಲ್ಲಿ ನಾನೂ ಇದ್ದೆ ತಾಯಿ! ಹತ್ತಿಬುಟ್ಟಿ ಹೊಲದಲ್ಲೇ ಇಟ್ಟು ಹೊಳೆ ದಾಟಿ ಬಡಗಕ್ಕೆ ಬಂದೆವು. 'ನಾನು ಹೋರಾಡುವುದು ರಾಜ್ಯ ಒಡೆಯದಿರಲಿ ಅಂತ, ನಿಮಗಾಗಿ ಅಲ್ಲ' ಅಂದರು ದೊರೆ. ಕೆಲವರನ್ನು ತಿರುಗಿ ಕಳಿಸಿದರು. ನಾವು ಬರುತ್ತಲೇ ಇದ್ದೆವು. ತೆಂಕದಲ್ಲಿ ಬಿತ್ತುವವರಿಲ್ಲದೆ ದಂಡಿಗೆ ಕಾಳಿಲ್ಲ. ಇಲ್ಲಿ ಕಂದಕ ತೋಡಿದವರು ನಾವು. ಮೂರನೇ ವರ್ಷ ದೊರೆಗೂ ಮನಸ್ಸು ತಿರುಗಿತು. ಜೀತ ಇಲ್ಲ ಅಂತ ಸಾರಿ ನಮ್ಮ ಕೈಗೆ ತುಪಾಕಿ ಕೊಟ್ಟರು. ನಾಲ್ಕನೇ ವರ್ಷ ತೆಂಕದವರು ಬಾವುಟ ಇಳಿಸಿದರು."

ರಾಣಿಯ ಕಣ್ಣು ತುಂಬಿತು. "ಮೂರನೆಯದು. ಯುದ್ಧ ಮುಗಿಯಿತು ಅಂತ ನಾನೇ ಸಾರಿಸಿದೆ. ಆದರೂ ಎಲ್ಲೋ ಒಂದು ಕಡೆ ಮುಗಿದಿಲ್ಲ ಅಂತ ಮನಸ್ಸು ಕುಟುಕುತ್ತದೆ. ಎಲ್ಲಿ? ಉತ್ತರ ನನಗೂ ಗೊತ್ತಿಲ್ಲ. ಕೇಳಿದರೆ ತಿಳಿದೀತು."

'ಗಂಡ ಸತ್ತವರ ಎದೆಯಲ್ಲಿ' ಅಂದುಬಿಟ್ಟಿದ್ದರೆ ಅವಳು ಅತ್ತು ಒಪ್ಪುತ್ತಿದ್ದಳೇನೋ. ದ್ಯಾವನಿಗೂ ಅದು ಹೊಳೆಯಿತು. ಆದರೆ ಚಾಮರ ಹಿಡಿದ ಅಕ್ಕನ ಕೈ ಕಣ್ಣೆದುರೇ ಇತ್ತು, ಆ ಮಾತು ಬಾಯಿಗೆ ಬರಲಿಲ್ಲ.

"ನಿಮ್ಮ ಬೆನ್ನ ಹಿಂದೆ, ತಾಯಿ."

ರಾಣಿ ತಿರುಗಿ ನೋಡಿದಳು. ಮುಖ ಕೆಂಪೇರಿತು. "ಗಾಳೆವ್ವನೇ? ಇವಳು ಮನೆಮಗಳಿದ್ದ ಹಾಗೆ! ನನ್ನ ಜೊತೆ ಬಂದವಳು!"

"ಬರಲಿಲ್ಲ ತಾಯಿ, ಕೊಟ್ಟರು. ಹಸು, ಹಂಡೆಯ ಜೊತೆ. ಅವಳು ನನ್ನ ಅಕ್ಕ."

ತಳವಾರ ಕತ್ತಿಯ ಹಿಡಿಗೆ ಕೈಹಾಕಿದ. ರಾಣಿ ಕೈಯೆತ್ತಿ ತಡೆದಳು. "ನೀನೇ ಹೇಳೇ ಗಾಳೆವ್ವ. ನಿನಗೇನು ಕಡಿಮೆ ಮಾಡಿದ್ದೇನೆ?"

ಗಾಳೆವ್ವ ತಮ್ಮನನ್ನು ನೋಡಿದಳು, ರಾಣಿಯನ್ನು ನೋಡಿದಳು. "ಏನೂ ಕಡಿಮೆ ಇಲ್ಲ ಅವ್ವಾರೇ," ಅಂದಳು. ಆಮೇಲೆ ಮೆಲ್ಲಗೆ, "ಒಂಚೂರು ಕೂತ್ಕೊಳ್ಳಲಾ? ಹನ್ನೆರಡು ವರ್ಷ ಆಯ್ತು, ನಿಮ್ಮೆದುರು ಕೂತೇ ಇಲ್ಲ."

ಮೂರನೇ ಒಗಟೂ ಬಿಡಿಸಿದಂತಾಗಿತ್ತು. ರಾಣಿ ಎದ್ದು ಬಂದು ಗಾಳೆವ್ವನ ಕೈಯಿಂದ ಚಾಮರ ಇಸಿದುಕೊಂಡಳು, ಸಿಂಹಾಸನದ ಮೆಟ್ಟಿಲ ಮೇಲೆ ಕೂರಿಸಿದಳು. ಬಳುವಳಿ ಹೆಣ್ಣುಗಳೆಲ್ಲ ಇಂದಿನಿಂದ ಯಾರ ಆಳೂ ಅಲ್ಲ, ತಮ್ಮ ಪಾಡಿಗೆ ತಾವು ಅಂತ ಡಂಗುರ ಹೊಡೆಸಲು ಹೇಳಿದಳು. ಬೆನ್ನ ಹಿಂದಿನದು ತನಗೇ ಕಂಡಿರಲಿಲ್ಲವಲ್ಲ ಅಂತ ವಜ್ರನಾಯಕ, ಪಂಡಿತ ಇಬ್ಬರ ತಲೆಯನ್ನೂ ಉಳಿಸಿದಳು. ದ್ಯಾವನಿಗೆ ಹೊಳೆಯಾಚೆಯ ಹೊಸ ಸೀಮೆಯಲ್ಲಿ ಹೊಲ ಬರೆದುಕೊಟ್ಟಳು.

"ಹೋಗೋಣವೇನಕ್ಕ?" ಅಂದ ದ್ಯಾವ.

"ಇರೋ ತಮ್ಮಾ, ಇನ್ನೊಂಚೂರು ಕೂತಿರ್ತೀನಿ."

ಅವಳಾಗಿ ಏಳುವ ತನಕ ಸಭೆಯವರೆಲ್ಲ ನಿಂತೇ ಇದ್ದರು, ರಾಣಿಯೂ ನಿಂತಿದ್ದಳು.