ಸೊಸೆಯ ಎಂಬಿಎ ಸೀಟು

ಹುಬ್ಬಳ್ಳಿಯ ನೀಲಾಂಬಿಕೆ ಎಂಬಿಎ ಪ್ರವೇಶ ಪರೀಕ್ಷೆ ಪಾಸು ಮಾಡಿದ್ದಳು. ಸಂದರ್ಶನವೊಂದೇ ಬಾಕಿ. ಆದರೆ ಅತ್ತೆ ಶಾಂತವ್ವ ಒಪ್ಪಬೇಕಲ್ಲ! "ಸಾರಿಗೆ ಉಪ್ಪು ಹಾಕಾಕ ಬರೂದಿಲ್ಲ, ಎಂಬಿಎ ಓದತಾಳಂತ!"

ನೀಲಾ ವಾದ ಮಾಡಲಿಲ್ಲ. "ಹೆಂಗೂ ಸೀಟು ಕೊಡೂದಿಲ್ರಿ ಅತ್ತಿ. ಅದನ್ನ ನೀವೂ ಬಂದು ಕೇಳ್ರಿ," ಅಂದಳು. ಅಂಥ ಸಮಾಚಾರವನ್ನು ಕಿವಿಯಾರೆ ಕೇಳುವುದನ್ನು ಯಾವ ಅತ್ತೆ ಬಿಟ್ಟಾಳು? ಶಾಂತವ್ವ ಇಳಕಲ್ ಸೀರೆ ಉಟ್ಟೇ ಹೊರಟಳು.

ಕಾಲೇಜಿನಲ್ಲಿ ಜವಾನ ಬಂದಿರಲಿಲ್ಲ. ಚಹಾ ಸಿಗಲಿಲ್ಲವೆಂದು ಗೊಣಗುತ್ತ ಡೈರೆಕ್ಟರು ಸಿಡಿಮಿಡಿಯಿಂದ ಅರ್ಜಿಯನ್ನು ಎರಡೇ ಬೆರಳಲ್ಲಿ ಎತ್ತಿದರು. "ಎರಡು ವರ್ಷ ಕೆಲಸದ ಅನುಭವ ಕಡ್ಡಾಯ. ಮನೆಯ ರೊಟ್ಟಿ ಅಂಗಡಿ ನೋಡಿಕೊಂಡದ್ದೆಲ್ಲ ಅನುಭವವೇನಮ್ಮ?"

ನೀಲಾ ತಲೆ ತಗ್ಗಿಸಿದಳು. "ಖರೇ ರೀ ಸರ. ರೊಟ್ಟಿ ಅಂಗಡಿ ಅಂದ್ರ ಏನು ಮಹಾ!"

ಆ ಅಂಗಡಿ ಕಟ್ಟಿದವಳೇ ಶಾಂತವ್ವ. ಬಾಗಿಲಲ್ಲೇ ನಿಂತಿದ್ದ ಆಕೆಯ ಮೂಗು ಕೆಂಪಾಯಿತು.

"ಏನು ಮಹಾ? ರೊಟ್ಟಿ ಬಡಿಯೋ ಆರು ಹೆಂಗಸರು ಒಮ್ಮೆಲೇ ರಜಾ ಹಾಕಿದ್ರೂ ನಮ್ಮ ಸೊಸಿ ಮದುವಿ ಮನಿಗೆ ಹೊತ್ತಿಗೆ ಸರಿಯಾಗಿ ರೊಟ್ಟಿ ಮುಟ್ಟಸತಾಳ. ಒಬ್ಬ ಜವಾನ ಬಂದಿಲ್ಲಂತ ನಿಮಗ ಚಾ ಇಲ್ಲ!"

ಡೈರೆಕ್ಟರು ಕುರ್ಚಿಯಿಂದ ಅರ್ಧ ಎದ್ದರು. "ತಾವು ಯಾರು?"

"ಮಾಲಕರು! ಇಕಿ ನನ್ನ ಮ್ಯಾನೇಜರ. ಅನುಭವ ಸಾಕೋ, ಇನ್ನೂ ಹೇಳಲೋ?"

"ಸಾಕು ತಾಯಿ, ಸಾಕು! ಆದರೆ ಸಂಜೆತನಕ ಕ್ಲಾಸು... ಮನೆಯವರು ಬಿಡಬೇಕಲ್ಲ?"

"ಬಿಡಾಕಿ ನಾನು. ಬಿಟ್ಟೀನಿ. ನೀವು ಸೀಟು ಕೊಡ್ರಿ!"

ಕೊಟ್ಟರು.

ಮೆಟ್ಟಿಲು ಇಳಿಯುತ್ತಿದ್ದ ಶಾಂತವ್ವ ಗಕ್ಕನೆ ನಿಂತಳು. "ಅಲ್ಲವ್ವಾ, ನಾ ಬ್ಯಾಡ ಅಂದಿದ್ನಲ್ಲ?"

ನೀಲಾ ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

"ಕಳ್ಳಿ!" ಅತ್ತೆಗೂ ನಗು ತಡೆಯಲಾಗಲಿಲ್ಲ. "ಅತ್ತೀನ್ನೇ ಕುಣಿಸಿದಾಕಿಗೆ ಈ ಕಾಲೇಜಿನವರು ಇನ್ನೇನು ಕಲಿಸತಾರ?"