ಒಂದು ಮೋಟಾರು, ಎರಡು ಕಲ್ಲು

"ಮಾಸ್ತರ್ರ, ಒಂದ ಕಂಪ್ಯೂಟರಿನ್ಯಾಗ ಎರಡ ಸಿಸ್ಟಮ್ ಇಟ್ಟಕೋಬೇಕಂದ್ರ ಯಾವ ದಾರಿ ಛಲೋ? ಡ್ಯುಯಲ್ ಬೂಟೋ, ವರ್ಚುವಲ್ ಮಷೀನೋ?"

ಕೇಳಿದವನು ಮಾಲಿಂಗ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾನೆ. ಅವನಿಗೆ ಆ ಗಣಿತ ಕಲಿಸಿದವರು ಇದೇ ರಾಚಯ್ಯ ಮಾಸ್ತರು. ನಿವೃತ್ತರಾದ ಮೇಲೆ ಅವರು ಮಠದ ಹಿಂದಿನ ಕೋಣೆಯಲ್ಲಿ ನಾಲ್ಕಾರು ಹಳೆಯ ಕಂಪ್ಯೂಟರು ಇಟ್ಟುಕೊಂಡು, ಬಂದವರಿಗೆ ತಿಳಿದಷ್ಟು ಹೇಳಿಕೊಡುತ್ತಾರೆ. ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಅಭ್ಯಾಸ ಅವರಿಗೆ ಶಾಲೆಯಲ್ಲಿದ್ದಾಗಲೂ ಇರಲಿಲ್ಲ.

"ಎರಡ ಯಾಕ ಬೇಕು?" ಎಂದರು.

ಮಾಲಿಂಗ ಹೇಳಿದ. ಈ ವರ್ಷ ಅವನ ಶಾಲೆಗೆ ಬಂದ ಕಂಪ್ಯೂಟರುಗಳಲ್ಲಿ ಲಿನಕ್ಸ್ ಎಂಬ ಸಿಸ್ಟಮ್ ಇದೆ. ಮಕ್ಕಳಿಗೆ ಕಲಿಸುವ ಮೊದಲು ತಾನು ಕಲಿಯಬೇಕು. ಮನೆಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿ ಇರುವುದು ವಿಂಡೋಸ್. ಹಾರ್ಡ್ ಡಿಸ್ಕನ್ನು ಎರಡು ಪಾಲು ಮಾಡಿ ಒಂದು ಪಾಲಿಗೆ ಲಿನಕ್ಸ್ ಹಾಕಿದರೆ ಅದು ಡ್ಯುಯಲ್ ಬೂಟ್. ಆಗ ಯಂತ್ರದ ಪೂರ್ತಿ ಬಲ ಸಿಗುತ್ತದೆ, ಆದರೆ ಒಂದು ಹೊತ್ತಿಗೆ ಒಂದೇ ಸಿಸ್ಟಮ್. ಇದನ್ನು ಪೂರ್ತಿ ಮುಚ್ಚಿದ ಮೇಲೆಯೇ ಅದನ್ನು ತೆರೆಯಬೇಕು. ವಿಂಡೋಸಿನ ಒಳಗೇ ಲಿನಕ್ಸಿಗೆ ಒಂದು ಕಿಟಕಿ ತೆರೆದುಕೊಟ್ಟರೆ ಅದು ವರ್ಚುವಲ್ ಮಷೀನ್. ಆಗ ಯಾವುದನ್ನೂ ಮುಚ್ಚಬೇಕಿಲ್ಲ, ಬೇಡವಾದ ದಿನ ಅಳಿಸಿ ಹಾಕಬಹುದು, ಆದರೆ ಇರುವಷ್ಟು ಬಲವನ್ನು ಎರಡೂ ಹಂಚಿಕೊಳ್ಳಬೇಕು. ಇದನ್ನೆಲ್ಲ ಮಾಲಿಂಗ ತಿಂಗಳುಗಟ್ಟಲೆ ಓದಿದ್ದ, ವಿಡಿಯೊ ನೋಡಿದ್ದ, ಸ್ಟಾಫ್ ರೂಮಿನಲ್ಲಿ ಎರಡೂ ಕಡೆಯಿಂದ ವಾದ ಮಾಡಿ ಎರಡೂ ಸಲ ಗೆದ್ದಿದ್ದ. ಹಾಕಿದ್ದು ಮಾತ್ರ ಏನೂ ಇಲ್ಲ.

"ಮೆಮೊರಿ ಎಷ್ಟೈತಿ?"

"ನಾಕ ಜೀಬಿ ರೀ."

"ಸಣ್ಣದಾತು. ಈಗ ಅದರಾಗ ಏನ ಕೆಲಸ ನಡದೈತಿ?"

"ಹೆಚ್ಚೇನಿಲ್ರಿ. ಸಂಜಿ ಮುಂದ ದಾನೇಶ್ವರಿ ಕುಂತಿರತಾಳ. ಸೀರಿ ಅಂಚಿನ ನಕ್ಷೆ ತಗೀತಾಳ. ಅದು ವಿಂಡೋಸಿನ್ಯಾಗಷ್ಟ ಓಡತೈತಿ. ಅದ ಇರಲಿ ರೀ, ನಾ ಕೇಳಿದ್ದು..."

ದಾನೇಶ್ವರಿ ಮಾಲಿಂಗನ ಹೆಂಡತಿ. ಮನೆಗೆಲಸ ಮುಗಿಸಿ, ಮಕ್ಕಳನ್ನು ಓದಲು ಕೂರಿಸಿ, ಸಂಜೆಯ ಹೊತ್ತು ಕಂಪ್ಯೂಟರಿನ ಮುಂದೆ ಕೂತು ಮಗ್ಗದ ಮಾಲೀಕರಿಗೆ ನಕ್ಷೆ ಬಿಡಿಸಿಕೊಡುತ್ತಾಳೆ. ಇಷ್ಟು ವರ್ಷ ಹಳೆಯ ಅಂಚುಗಳನ್ನು ನೋಡಿ ನಕಲು ಮಾಡಿದ್ದಳು. ಈ ದೀಪಾವಳಿಗೆ ಮೊದಲ ಸಲ ಅವಳ ಸ್ವಂತ ನಕ್ಷೆಯೊಂದನ್ನು ಮಗ್ಗಕ್ಕೆ ಏರಿಸಲು ಒಬ್ಬ ಮಾಲೀಕರು ಒಪ್ಪಿದ್ದರು. ನಕ್ಷೆ ಇನ್ನೂ ಅರ್ಧ ಉಳಿದಿತ್ತು. ಇದು ಮಾಸ್ತರರಿಗೆ ಗೊತ್ತಿತ್ತು, ಏಕೆಂದರೆ ಮಠಕ್ಕೆ ಬಂದಾಗ ಅವಳೇ ಸಂತೋಷದಿಂದ ಹೇಳಿ ಹೋಗಿದ್ದಳು.

"ಕುಂಡ್ರು," ಎಂದರು ಮಾಸ್ತರು. ಮಾಲಿಂಗ ಕೂತ. ಅವರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಿರಣಿಯವನಿದ್ದ. ಒಂದು ಮೋಟಾರು, ಒಂದು ಬೀಸುವ ಕಲ್ಲು. ಜೋಳ ಬೀಸಿಕೊಡುತ್ತಿದ್ದ. ಊರಿನ ಹೆಂಗಸರು ಸಂಜೆ ಹೊಲದಿಂದ ಬಂದವರೇ ಜೋಳದ ಡಬ್ಬಿ ತಂದು ಗಿರಣಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗುತ್ತಿದ್ದರು. ಎಮ್ಮೆ ಕಟ್ಟಿ, ಒಲೆ ಹೊತ್ತಿಸಿ ತಿರುಗಿ ಬರುವಷ್ಟರಲ್ಲಿ ಹಿಟ್ಟು ಆಗಿರುತ್ತಿತ್ತು. ಡಬ್ಬಿ ಇದೆ ಎಂದರೆ ಆಕೆ ಅಲ್ಲಿ ನಿಂತಿದ್ದಾಳೆ ಎಂದೇ ಲೆಕ್ಕ. ಒಬ್ಬರ ಡಬ್ಬಿಯನ್ನು ಇನ್ನೊಬ್ಬರು ಸರಿಸುವಂತಿರಲಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಒಮ್ಮೆ ಮೆಣಸಿನಕಾಯಿ ಸುಗ್ಗಿಯಲ್ಲಿ ಒಬ್ಬ ವ್ಯಾಪಾರಿ ಬಂದ. ತನ್ನ ಕಾಯಿಯನ್ನು ಪುಡಿ ಮಾಡಿಕೊಡುತ್ತೀಯಾ ಎಂದು ಕೇಳಿದ. ಗಿರಣಿಯವನು ಹಿರಿಹಿರಿ ಹಿಗ್ಗಿದ. ವರ್ಷಗಟ್ಟಲೆ ಜೋಳ ಬೀಸಿ ಅವನಿಗೆ ಬೇಸರ ಬಂದಿತ್ತು. ಹೊಸದೊಂದು ಕೆಲಸ ಕಲಿಯಬೇಕು ಎಂಬ ಆಸೆ ಇತ್ತು. ಆ ಆಸೆಯಲ್ಲಿ ತಪ್ಪಿರಲಿಲ್ಲ. ಖಾರ ಬೀಸಿದ ಕಲ್ಲಿಗೆ ಜೋಳ ಹಾಕಿದರೆ ರೊಟ್ಟಿ ಬಾಯಿ ಸುಡುತ್ತದೆ ಎಂದು ಖಾರಕ್ಕೆಂದೇ ಬೇರೆ ಕಲ್ಲು ತಂದು ಕೂರಿಸಿದ. ಅದೂ ಸರಿಯೇ. ಕಲ್ಲು ಎರಡಾದವು, ಮೋಟಾರು ಒಂದೇ ಉಳಿಯಿತು.

ಈಗ ಅವನಿಗೆ ಒಂದು ಪ್ರಶ್ನೆ ಹುಟ್ಟಿತು. ಮೋಟಾರಿನ ಬೆಲ್ಟನ್ನು ಜೋಳದ ಕಲ್ಲಿನಿಂದ ಬಿಚ್ಚಿ ಖಾರದ ಕಲ್ಲಿಗೆ ಹಾಕುವುದೋ, ಎರಡು ಬೆಲ್ಟು ಹಾಕಿ ಎರಡು ಕಲ್ಲನ್ನೂ ಒಟ್ಟಿಗೆ ತಿರುಗಿಸುವುದೋ? ಮೋಟಾರು ರಿಪೇರಿ ಮಾಡುವವನನ್ನು ಕೇಳಿದ. ಅವನು, ಬಿಚ್ಚಿ ಹಾಕು, ಬಲವೆಲ್ಲ ಒಂದೇ ಕಲ್ಲಿಗೆ ಸಿಗುತ್ತದೆ ಎಂದ. ಪಕ್ಕದೂರಿನ ಗಿರಣಿಯವನನ್ನು ಕೇಳಿದ. ಅವನು, ದಿನಾ ಬಿಚ್ಚುವ ಹಾಕುವ ರಗಳೆ ಯಾಕೆ, ಎರಡನ್ನೂ ಓಡಿಸು ಎಂದ. ವ್ಯಾಪಾರಿಯನ್ನು ಕೇಳಿದ. ಅವನು, ಹೇಗಾದರೂ ಮಾಡು, ಬೇಗ ಮಾಡು ಎಂದ. ಗಿರಣಿಯವನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ಎಲ್ಲರನ್ನೂ ಕರೆದು ತೋರಿಸಿದ. ದಿನವೂ ಸಂಜೆ ಕಟ್ಟೆಯ ಮೇಲೆ ಚರ್ಚೆ ನಡೆಯಿತು. ಕೂರಲು ಜಾಗ ಸಾಲದೆ ಡಬ್ಬಿಗಳನ್ನು ಒಂದು ಬದಿಗೆ ಒತ್ತಿದರು.

ಕೊನೆಗೆ ಬೆಲ್ಟು ಬಿಚ್ಚಿ ಹಾಕುವುದೇ ಸರಿ ಎಂದು ತೀರ್ಮಾನಿಸಿದ. ಮಧ್ಯಾಹ್ನ ಊಟವಾದ ಮೇಲೆ ಮಲಗುವುದು ಅವನ ರೂಢಿ. ಎದ್ದು, ಮುಖ ತೊಳೆದು, ಚಹಾ ಕುಡಿದು, ಸಂಜೆಯ ಹೊತ್ತಿಗೆ ಹುರುಪಿನಿಂದ ಬೆಲ್ಟನ್ನು ಖಾರದ ಕಲ್ಲಿಗೆ ಹಾಕಿದ. ಖಾರ ನುಣ್ಣಗೆ ಬಂತು. ಅವನಿಗೆ ಬಹಳ ಸಂತೋಷವಾಯಿತು. ಹಿಡಿದ ಚೀಲ ಮುಗಿಯುವವರೆಗೂ ಬೆಲ್ಟು ಮುಟ್ಟುವುದಿಲ್ಲ ಎಂದು ಕೂತ. ಅಷ್ಟರಲ್ಲಿ ಡಬ್ಬಿ ಇಟ್ಟು ಹೋಗಿದ್ದ ಒಬ್ಬ ಹೆಣ್ಣುಮಗಳು ಹಿಟ್ಟಿಗೆ ಬಂದಳು. ಅವಳ ಡಬ್ಬಿಯಲ್ಲಿ ಜೋಳ ಜೋಳವಾಗಿಯೇ ಇತ್ತು. ಡಬ್ಬಿ ಎತ್ತಿಕೊಂಡು ಹೋದಳು. ಆ ದಿನ ಅವಳ ಮಕ್ಕಳು ಚುರುಮುರಿ ತಿಂದು ಮಲಗಿದರು.

ಸಾಲಿನಲ್ಲಿ ಗೊಣಗಾಟ ಎದ್ದಿತು. ಹಾಗಾದರೆ ಪಕ್ಕದೂರಿನವನು ಹೇಳಿದ್ದೇ ಸರಿ ಎಂದು ಗಿರಣಿಯವನು ಎರಡು ಬೆಲ್ಟು ಹಾಕಿದ. ಎರಡೂ ಕಲ್ಲು ತಿರುಗಿದವು. ತಿರುಗಿದವು ಅಷ್ಟೇ. ಮೋಟಾರು ಏದುಸಿರು ಬಿಟ್ಟಿತು. ಖಾರ ದಪ್ಪ ಬಂತು, ಜೋಳದ ಹಿಟ್ಟು ತರಿತರಿಯಾಯಿತು. ಖಾರದ ಘಾಟಿಗೆ ಕಟ್ಟೆಯ ತುಂಬ ಸೀನು. ಅದೇ ಹೆಣ್ಣುಮಗಳು ಸೀನುತ್ತ ಹಿಟ್ಟು ಒಯ್ದಳು. ತಟ್ಟುವಾಗ ರೊಟ್ಟಿಯ ಅಂಚು ಒಡೆಯಿತು, ಎತ್ತಿದರೆ ಹರಿಯಿತು. ಹೆಂಚಿನ ಮೇಲೆ ಚೂರುಗಳನ್ನೇ ಬೇಯಿಸಿ ಮಕ್ಕಳ ತಾಟಿಗೆ ಹಾಕಿದಳು. ಅವಳಿಗೆ ಅಳು ಬಂತು. ಹೊಲದಲ್ಲಿ ದಿನವಿಡೀ ಬಾಗಿ ದುಡಿದು ಬಂದವಳಿಗೆ ಒಂದು ನೆಟ್ಟನೆಯ ರೊಟ್ಟಿಯೂ ಆಗಲಿಲ್ಲವೆಂದರೆ ಅಳು ಬಾರದೆ ಇರುತ್ತದೆಯೇ?

ಗಿರಣಿಯವನು ಮತ್ತೆ ಒಂದು ಬೆಲ್ಟಿಗೆ ಬಂದ. ಮತ್ತೆ ಎರಡಕ್ಕೆ ಹೋದ. ಅದಕ್ಕೆ ಪ್ರಯೋಗ ಎಂದು ಹೆಸರಿಟ್ಟ. ಗೋಡೆಯ ಚಿತ್ರ ಅಳಿಸಿ ಹೊಸದು ಬರೆದ. ದಿನ ಕಳೆದಂತೆ ಡಬ್ಬಿಯ ಸಾಲು ಗಿಡ್ಡವಾಯಿತು. ಒಂದು ಸಂಜೆ ಕಟ್ಟೆಯ ಮೇಲೆ ಒಂದು ಡಬ್ಬಿಯೂ ಇರಲಿಲ್ಲ. ಮೊದಲು ಅವನಿಗೆ ಸಮಾಧಾನವೇ ಆಯಿತು, ಇನ್ನು ಅಡ್ಡಿಯಿಲ್ಲದೆ ಪ್ರಯೋಗ ಮಾಡಬಹುದು ಎಂದುಕೊಂಡ. ಮೆಣಸಿನಕಾಯಿಯ ಸುಗ್ಗಿ ಮುಗಿಯಿತು. ವ್ಯಾಪಾರಿ ತನ್ನ ಚೀಲ ಏರಿಸಿಕೊಂಡು ಊರು ಬಿಟ್ಟ. ಆಗ ಗಿರಣಿಯಲ್ಲಿ ಎರಡು ಕಲ್ಲು, ಒಂದು ಮೋಟಾರು, ಅವನು, ಇಷ್ಟೇ ಉಳಿದದ್ದು. ಗಿರಣಿಯವನಿಗೆ ಹೆದರಿಕೆಯಾಯಿತು.

ಕಾಲುವೆಯ ಆಚೆ ಇನ್ನೊಂದು ಗಿರಣಿ ಇತ್ತು. ಅಲ್ಲಿಗೆ ಹೋದ. ಅಲ್ಲಿಯ ಕಟ್ಟೆಯ ಮೇಲೆ ಡಬ್ಬಿಗಳ ಸಾಲು ಕಂಡಿತು. ಎಲ್ಲವೂ ಗುರುತಿನವೇ. ಮುಚ್ಚಳ ನೆಗ್ಗಿದ್ದು, ಹಿಡಿಕೆಗೆ ಸೀರೆಯ ಚೂರು ಸುತ್ತಿದ್ದು, ಹಸಿರು ಬಣ್ಣ ಬಳಿದದ್ದು. ಆ ಹೆಣ್ಣುಮಗಳು ಹಿಟ್ಟು ತುಂಬಿಸಿಕೊಳ್ಳುತ್ತಿದ್ದಳು. ಗಿರಣಿಯವನು ಅವಳ ಹತ್ತಿರ ಹೋದ. ಆಗಲೂ ಅವನ ತಲೆಯಲ್ಲಿ ಇದ್ದದ್ದು ಅದೊಂದೇ ಪ್ರಶ್ನೆ.

"ಯಕ್ಕಾ, ನೀನರ ಹೇಳು. ಬೆಲ್ಟ ಬಿಚ್ಚಿ ಹಾಕೂದು ಛಲೋ ಇತ್ತೋ, ಎರಡೂ ಕೂಡೇ ತಿರಗಸೂದು ಛಲೋ ಇತ್ತೋ?"

"ಮಧ್ಯಾಹ್ನ ನಾವೆಲ್ಲಾ ಹೊಲದಾಗ ಇರತಿದ್ವಿ. ಆವಾಗ ನೀ ಖಾರರ ಬೀಸು, ಕಲ್ಲರ ಬೀಸು, ನಮಗೇನಾಗತಿತ್ತು? ಸಂಜಿಗೆ ನಮಗ ಹಿಟ್ಟ ಸಿಕ್ಕಿದ್ರ ಸಾಕಿತ್ತು."

"ಹಂಗಂತ ಮೊದಲ ಯಾಕ ಹೇಳಲಿಲ್ಲ?"

"ದಿನಾ ಸಂಜಿಗೆ ನಿನ್ನ ಕಟ್ಟಿ ಮ್ಯಾಲ ಡಬ್ಬಿ ಇಡತಿದ್ದೆ. ಇನ್ನ ಹ್ಯಾಂಗ ಹೇಳಬೇಕಿತ್ತು?"

ಅವಳು ಡಬ್ಬಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡು ನಡೆದಳು. ಒಲೆ ಹೊತ್ತಿಸಿ ಬಂದಿದ್ದಳು.

ಇಷ್ಟು ಹೇಳಿ ಮಾಸ್ತರು ನಿಲ್ಲಿಸಿದರು. ಮುಂದೆ ಗಿರಣಿಯವನು ಏನಾದ ಎಂದು ಮಾಲಿಂಗ ಕೇಳಲಿಲ್ಲ. ಗಣಿತದವನು, ಕತೆಯಿಂದ ತನಗೆ ಬೇಕಾದ ಉತ್ತರವನ್ನು ಆಗಲೇ ತೆಗೆದಿದ್ದ. ಅವನ ಮುಖ ಅರಳಿತ್ತು.

"ತಿಳೀತ್ರಿ ಮಾಸ್ತರ್ರ. ನಾಕ ಜೀಬಿ ಅಂದ್ರ ಸಣ್ಣ ಮೋಟಾರು. ಎರಡೂ ಕೂಡೇ ಓಡಿಸಿದ್ರ ಎರಡೂ ತರಿ ಆಗತಾವ. ವರ್ಚುವಲ್ ಮಷೀನ್ ಬ್ಯಾಡ. ಬೆಲ್ಟ ಬಿಚ್ಚಿ ಹಾಕೂದ ಖರೆ. ಡ್ಯುಯಲ್ ಬೂಟ್."

"ಯಂತ್ರದ ಲೆಕ್ಕ ಬರೋಬರಿ ಐತಿ," ಎಂದರು ಮಾಸ್ತರು. "ಡಿಸ್ಕ್ ಪಾಲ ಮಾಡೂ ಮುಂದ ಇದ್ದದ್ದನ್ನೆಲ್ಲಾ ಬ್ಯಾರೆ ಕಡೆ ಇಳಿಸಿ ಇಟ್ಟಕೋಬೇಕು. ಪಾಲ ಮಾಡೂದರಾಗ ಒಂದ ತಪ್ಪ ಆತಂದ್ರ ಇದ್ದದ್ದೂ ಹೋಗತೈತಿ."

"ಇಟ್ಟಕೋತೇನ್ರಿ. ಪೆನ್ ಡ್ರೈವಿನ್ಯಾಗ ಲಿನಕ್ಸ್ ತಯಾರ ಐತಿ." ಮಾಲಿಂಗ ಅಂಗಿಯ ಕಿಸೆ ಮುಟ್ಟಿ ನೋಡಿಕೊಂಡು ಎದ್ದ. ತಿಂಗಳುಗಟ್ಟಲೆ ತಲೆಯಲ್ಲಿ ಕೊರೆಯುತ್ತಿದ್ದದ್ದು ಇಳಿದಂತಾಗಿತ್ತು. ಮಾಸ್ತರರ ಕಾಲಿಗೆ ನಮಸ್ಕಾರ ಮಾಡಿ ಹೊಸ್ತಿಲ ಹೊರಗೆ ಚಪ್ಪಲಿ ಹುಡುಕಿದ. "ಇನ್ನ ತಡಾ ಮಾಡೂದಿಲ್ರಿ. ಸಾಲಿ ಬಿಟ್ಟ ಕೂಡ್ಲೇ ಮನಿಗೆ ಹೋಗಿ ಕುಂಡರತೇನಿ. ಇವತ್ತ ಸಂಜಿಗೇ ಹಾಕಿಬಿಡತೇನಿ."

ಮಾಸ್ತರು ಕೂತಲ್ಲಿಂದಲೇ ಕೇಳಿದರು.

"ಸಂಜಿಗೆ ಆ ಕಟ್ಟಿ ಮ್ಯಾಲ ಯಾರ ಡಬ್ಬಿ ಇರತೈತೋ, ಮಾಲಿಂಗಾ?"

ಮಾಲಿಂಗ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ ಹಾಗೆಯೇ ನಿಂತ.